ಊರಿಗೆಲ್ಲಾ ಒಂದೇ ಟ್ಯೂಬ್

ನಮ್ಮ ಬಾದನಹಟ್ಟಿ ಕಡೆ ಯಾರಿಗಾದ್ರೂ ಮೈ ಕಡಿತ ಶುರುವಾದರೆ ಮೊದಲು ಹುಡುಕೋದು ಡಾಕ್ಟರನ್ನಲ್ಲ, ಪಕ್ಕದ ಮನೆಯ ಟ್ಯೂಬನ್ನ. ಹೋದ ದಸರಾಕ್ಕೆ ಊರಿಗೆ ಹೋದಾಗ ಚಿಕ್ಕಮ್ಮನ ಮನೆಯ ಗೋಡೆಗೂಡಿನಲ್ಲಿ, ದೀಪದೆಣ್ಣೆ ಬಾಟಲಿಯ ಪಕ್ಕ ಅಂಥದೊಂದು ಇತ್ತು. ಹಿಂದಿನಿಂದ ಸುರುಳಿ ಸುತ್ತಿ ಪೂರ್ತಿ ಹಿಂಡಿದ್ದು. ಗದ್ದೆ ನೀರಲ್ಲಿ ನಿಲ್ಲೋ ಚಿಕ್ಕಪ್ಪ ಕಾಲ್ಬೆರಳ ಸಂದಿಗೆ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯೋ ತಮ್ಮ ಸೊಂಟದ ಹುಳುಕಡ್ಡಿಗೆ, ಮದುವೆ ಗೊತ್ತಾಗಿರೋ ತಂಗಿ ಮುಖದ ಕಲೆಗೆ. ಮೂವರಿಗೂ ಅದೇ ಒಂದು.

"ಬಾಳ ಚಲೋ ಐತವ್ವಾ. ಹಚ್ಚಿದ ಎರಡ ದಿನಕ್ಕ ತಣ್ಣಗಾಗ್ತೈತಿ. ಬಿಟ್ರ ಮತ್ತ ಬರ್ತೈತಿ, ಅಷ್ಟ" ಅಂದ್ರು ಚಿಕ್ಕಮ್ಮ.

ನಾನು ಫಾರ್ಮಸಿ ಓದಿ ಅದೇ ಕೆಲಸದಲ್ಲಿ ಇರೋಳು. ಆ ಕೊನೆಯ ಮಾತು ಕೇಳಿದ ಕೂಡಲೇ ಒಳಗೆ ಸ್ಟೀರಾಯ್ಡ್ ಇದೆ ಅನ್ನಿಸಿತು. ತಿರುಗಿಸಿ ಸಣ್ಣ ಅಕ್ಷರ ಓದಿದೆ. ಕ್ಲೋಬೆಟಸಾಲ್, ಅದರ ಜೊತೆಗೆ ಫಂಗಸ್ಸಿಗೊಂದು, ಬ್ಯಾಕ್ಟೀರಿಯಾಕ್ಕೆ ಎರಡು ಔಷಧಿ. ಎಲ್ಲಾ ಸೇರಿಸಿ ಮಾಡಿದ ಚಿತ್ರಾನ್ನ.

ಹುಳುಕಡ್ಡಿ ಬಂದಾಗ ಚರ್ಮ ಕೆಂಪಾಗೋದು, ಕಡಿಯೋದು ನಮ್ಮ ದೇಹ ಫಂಗಸ್ ಜೊತೆ ಹೊಡೆದಾಡ್ತಿರೋ ಗುರುತು. ಸ್ಟೀರಾಯ್ಡ್ ಆ ಹೊಡೆದಾಟದಲ್ಲಿ ನಮ್ಮ ಕಡೆಯವರ ಕೈ ಕಟ್ಟಿಹಾಕುತ್ತೆ. ಕಡಿತ ನಿಲ್ಲುತ್ತೆ, ಫಂಗಸ್ ಆರಾಮಾಗಿ ಹರಡುತ್ತೆ. ಉಂಗುರದ ಆಕಾರವೂ ಅಳಿಸಿಹೋಗಿ, ಆಮೇಲೆ ನೋಡೋ ಡಾಕ್ಟರಿಗೂ ಗುರುತು ಹಿಡಿಯೋದು ಕಷ್ಟ. ಇದಕ್ಕೆ ವೈದ್ಯಕೀಯದಲ್ಲಿ 'ಟೀನಿಯಾ ಇನ್‌ಕಾಗ್ನಿಟೊ' ಅಂತಾರೆ, ಅಂದರೆ ವೇಷ ಮರೆಸಿಕೊಂಡ ಹುಳುಕಡ್ಡಿ. ತಮ್ಮನದು ಸೊಂಟದಿಂದ ಹೊಟ್ಟೆಗೆ, ತೊಡೆಗೆ ಹಬ್ಬಿತ್ತು. ಬಳ್ಳಾರಿ ಬಿಸಿಲು, ದಿನವಿಡೀ ಬೆವರು, ಮೇಲೊಂದು ಬಿಗಿ ಪ್ಯಾಂಟು. ಫಂಗಸ್ಸಿಗೆ ಇನ್ನೇನು ಬೇಕು? ಆದರೆ ತೊಡೆ ಸಂದಿಯಲ್ಲಿ ಬಸುರಿಯರ ಹೊಟ್ಟೆ ಮೇಲೆ ಬರುವಂಥ ಗೆರೆಗಳು ಎದ್ದಿದ್ದವಲ್ಲ, ಅವು ಫಂಗಸ್ಸಿನ ಕೆಲಸ ಅಲ್ಲ, ಕ್ರೀಮಿಂದು. ಫಂಗಸ್ ವಾಸಿಯಾಗುತ್ತೆ, ಆ ಗೆರೆಗಳು ಪೂರ್ತಿ ಮಾಯವಾಗಲ್ಲ.

ತಂಗಿಯ ಕಥೆ ಬೇರೆ. ಮೊದಮೊದಲು ಮುಖ ಬೆಳ್ಳಗೆ, ನುಣ್ಣಗೆ ಕಂಡಿತಂತೆ. ಮೂರು ತಿಂಗಳಿಗೆ ಕೆನ್ನೆ ಮೇಲೆ ದಾರದೆಳೆಯಂಥ ಕೆಂಪು ನರಗಳು, ಗಲ್ಲದ ತುಂಬ ಮೊಡವೆ. ಒಂದು ದಿನ ಬಿಟ್ಟರೆ ಮುಖವೆಲ್ಲ ಕೆಂಡ, ಹಚ್ಚಿದರೆ ತಂಪು, ಹಾಗಾಗಿ ಮತ್ತೆ ಹಚ್ಚೋದು. ನಮ್ಮ ದೇಶದ ಚರ್ಮ ವೈದ್ಯರು ಇದಕ್ಕೆ 'ಸ್ಟೀರಾಯ್ಡಿನಿಂದ ಹಾಳಾದ ಮುಖ' ಅನ್ನೋ ಅರ್ಥದ ಹೆಸರನ್ನೇ ಕೊಟ್ಟಿದ್ದಾರೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದೇಶದ 12 ಕೇಂದ್ರಗಳಿಗೆ ಮುಖದ ತೊಂದರೆ ಅಂತ ಬಂದ 2,926 ಜನರಲ್ಲಿ 433 ಮಂದಿ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಬೆಳ್ಳಗಾಗೋ ಕ್ರೀಮ್ ಅಂದುಕೊಂಡು ಹಚ್ಚಿದವರು ಅದರಲ್ಲಿ ಬಹಳ. ನಮ್ಮ ಹುಡುಗಿಗೂ ಮದುವೆ ಹೊತ್ತಿಗೆ ಬೆಳ್ಳಗಾಗಬೇಕು ಅಂತ ತಲೆ ತಿಂದವರು ಮನೆಯವರೇ. ಹುಡುಗ ಅವಳನ್ನ ನೋಡಿಯೇ ಒಪ್ಪಿದ್ದು ಅನ್ನೋದು ಯಾರ ಲೆಕ್ಕಕ್ಕೂ ಬರಲಿಲ್ಲ!

ಅವಳನ್ನ ಬಳ್ಳಾರಿಗೆ ಕರ್ಕೊಂಡು ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದ್ವಿ. ಅವರು ಒಮ್ಮೆಲೇ ನಿಲ್ಲಿಸಲಿಲ್ಲ. ಕಡಿಮೆ ಶಕ್ತಿಯ ಕ್ರೀಮಿಗೆ ಇಳಿಸಿ, ದಿನ ಬಿಟ್ಟು ದಿನ ಮಾಡಿ, ನಿಧಾನಕ್ಕೆ ಬಿಡಿಸಿದರು. ಜೊತೆಗೆ ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಉರಿ ಹೋಗಿದೆ. ಕೆಂಪು ಪೂರ್ತಿ ಇಳಿಯೋಕೆ ಇನ್ನೂ ತಿಂಗಳುಗಳು ಬೇಕಂತೆ, ಮದುವೆ ಅಷ್ಟು ದಿನ ಕಾಯಲ್ಲ.

ಇದೆಲ್ಲ ಅಂಗಡಿಯಲ್ಲಿ ಸುಮ್ಮನೆ ಸಿಗೋ ವಸ್ತುವಲ್ಲ. ಮೊದಲು ಹಚ್ಚೋ ಔಷಧಿಗಳಿಗೆ ಚೀಟಿಯ ನಿಯಮದಿಂದ ವಿನಾಯಿತಿ ಇತ್ತು. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚೋ ಸ್ಟೀರಾಯ್ಡ್‌ಗಳನ್ನೂ ಷೆಡ್ಯೂಲ್ ಎಚ್‌ಗೆ ತಂದಿತು, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಆದರೂ "ಕಡಿತಕ್ಕೊಂದು ಕೊಡಿ" ಅಂದರೆ ಕೌಂಟರಿನಿಂದ ಏನು ಬರುತ್ತೆ ಅಂತ ನಿಮಗೂ ಗೊತ್ತು.

ಹಾಗಾಗಿ ಓದೋ ಕೆಲಸ ನಮ್ಮದೇ. ಹೆಸರಿನ ಕೊನೆಯಲ್ಲಿ 'ಸೋನ್' ಇದ್ದರೆ (ಬೆಟಾಮೆಥಾಸೋನ್, ಮೊಮೆಟಾಸೋನ್, ಫ್ಲುಟಿಕಾಸೋನ್, ಹೈಡ್ರೊಕಾರ್ಟಿಸೋನ್) ಸ್ಟೀರಾಯ್ಡ್ ಇರೋ ಸಾಧ್ಯತೆ ಹೆಚ್ಚು. ಕ್ಲೋಬೆಟಸಾಲ್ ಮಾತ್ರ ಈ ಗುರುತಿಗೆ ಸಿಗಲ್ಲ, ಆದರೆ ಎಲ್ಲಕ್ಕಿಂತ ಜೋರು ಅದೇ. ಶೇಕಡಾ ಅಂಕಿ ನೋಡಿ ಮೋಸ ಹೋಗಬೇಡಿ. ಕ್ಲೋಬೆಟಸಾಲ್ 0.05 ಅಂತ ಇರುತ್ತೆ, ಹೈಡ್ರೊಕಾರ್ಟಿಸೋನ್ 1 ಅಂತ ಇರುತ್ತೆ. ಅಂಕಿ ಸಣ್ಣದಾದರೂ ಶಕ್ತಿಯಲ್ಲಿ ಮೊದಲನೆಯದು ಆನೆ, ಎರಡನೆಯದು ಇಲಿ. ದಪ್ಪ ಚರ್ಮದ ಅಂಗೈ, ಅಂಗಾಲಿಗೆ ಆನೆ ಬೇಕಾಗಬಹುದು. ಮುಖ, ರೆಪ್ಪೆ, ಕಂಕುಳು, ತೊಡೆ ಸಂದಿಯ ಚರ್ಮ ತೆಳು, ಔಷಧಿಯನ್ನ ಬೇಗ ಹೀರಿಕೊಳ್ಳುತ್ತೆ; ಅಲ್ಲಿಗೆ ಡಾಕ್ಟರ್ ಹೇಳದೆ ಇಂಥದ್ದು ಬೇಡ. ಕಣ್ಣಿನ ಸುತ್ತ ಬಹಳ ದಿನ ಹಚ್ಚಿದರೆ ಕಣ್ಣೊಳಗಿನ ಒತ್ತಡವೂ ಏರಬಹುದು. ಕ್ಲೋಬೆಟಸಾಲನ್ನ ಸಾಮಾನ್ಯವಾಗಿ ಒಂದೇ ಸಮನೆ ಎರಡು ವಾರ ದಾಟಿಸಲ್ಲ.

ಎಷ್ಟು ಹಚ್ಚಬೇಕು? ತೋರುಬೆರಳಿನ ತುದಿಯಿಂದ ಮೊದಲ ಗೆರೆವರೆಗೆ ಟ್ಯೂಬಿನಿಂದ ಒಂದು ಎಳೆ ಹಾಕಿ. ಅದು ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈಯಗಲ ಜಾಗಕ್ಕೆ, ಬೆರಳೂ ಸೇರಿ, ಅಷ್ಟು ಸಾಕು. ಸಾಮಾನ್ಯವಾಗಿ ದಿನಕ್ಕೊಂದು ಸಲ, ಹೆಚ್ಚೆಂದರೆ ಎರಡು ಸಲ.

ಇಷ್ಟು ಓದಿ ಸ್ಟೀರಾಯ್ಡ್ ಅಂದರೇ ವಿಷ ಅಂತ ತೀರ್ಮಾನ ಮಾಡಿಬಿಡಬೇಡಿ. ಬೆಂಗಳೂರಿನ ಗೆಳತಿಯೊಬ್ಬಳು ರೀಲ್ಸ್ ನೋಡಿ ಹೆದರಿ, ಎರಡು ವರ್ಷದ ಮಗುವಿನ ಇಸುಬಿಗೆ ಬರೀ ಕೊಬ್ಬರಿ ಎಣ್ಣೆ ಸವರುತ್ತಾ ಕೂತಿದ್ದಳು. ಮಗು ರಾತ್ರಿಯೆಲ್ಲ ಕೆರೆದುಕೊಂಡು ಮಂಡಿ ಹಿಂದೆ ರಕ್ತ. ಡಾಕ್ಟರ್ ಕೆಲವೇ ದಿನ ಹೈಡ್ರೊಕಾರ್ಟಿಸೋನ್ ಕೊಟ್ಟರು, ದಿನವೂ ಮಾಯಿಶ್ಚರೈಸರ್ ಅಂದರು. ವಾರದೊಳಗೆ ಮಗು ನಿದ್ದೆ ಮಾಡಿತು, ತಾಯಿಯೂ. ಇಸುಬು, ಸೋರಿಯಾಸಿಸ್, ನಮ್ಮ ಹೊಲಗಳ ಬದುವಿನ ಕಾಂಗ್ರೆಸ್ ಕಸದ ಅಲರ್ಜಿ, ಇವಕ್ಕೆಲ್ಲ ಸ್ಟೀರಾಯ್ಡ್ ದೊಡ್ಡ ಆಸರೆ. ಹುಳುಕಡ್ಡಿ, ಮೊಡವೆ, ಮೈಬಣ್ಣ, ಇವು ಅದರ ಕೆಲಸವಲ್ಲ.

ಹುಳುಕಡ್ಡಿಗೆ ಫಂಗಸ್ ಔಷಧಿಯೊಂದೇ ಬೇಕು, ಅದೂ ಡಾಕ್ಟರ್ ಹೇಳಿದಷ್ಟು ವಾರ. ಕಡಿತ ನಿಂತಿತು ಅಂತ ನಡುವೆ ಬಿಟ್ಟರೆ ಮತ್ತೆ ಮೊದಲಿಂದ. ಟವೆಲ್, ಒಳಬಟ್ಟೆ ಒಬ್ಬರದು ಒಬ್ಬರು ಬಳಸಬೇಡಿ. ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ಇಬ್ಬರೂ ಒಟ್ಟಿಗೆ ತೋರಿಸಿ. ಬಿಸಿನೀರಲ್ಲಿ ಒಗೆದು ತಿರುಗಾಮುರುಗಾ ಮಾಡಿ ಒಣಗಿಸಿ, ಬಿಸಿಲಿಗಂತೂ ನಮ್ಮ ಕಡೆ ಬರ ಇಲ್ಲ.

ಇನ್ನು ಊರಲ್ಲಿ ಅಪ್ಪ, ಅಮ್ಮ ಏನು ಹಚ್ತಿದ್ದಾರೆ ಅಂತ ಫೋನಲ್ಲಿ ಕೇಳಿದರೆ "ಬಿಳೀ ಟ್ಯೂಬು" ಅಂತಾರೆ. ಅದರ ಹಿಂಭಾಗದ ಫೋಟೊ ವಾಟ್ಸಾಪ್‌ಗೆ ಹಾಕಿಸಿಕೊಳ್ಳಿ. ತಿಂಗಳುಗಟ್ಟಲೆ ಹಚ್ಚಿದ್ದರೆ ಇವತ್ತೇ ಎಸೆಯಿರಿ ಅನ್ನಬೇಡಿ, ಆ ಟ್ಯೂಬನ್ನೇ ಕೈಲಿ ಹಿಡ್ಕೊಂಡು ಡಾಕ್ಟರ ಹತ್ತಿರ ಹೋಗೋಕೆ ಹೇಳಿ.