ಓದಲಾಗದ ಕಾಗದಕ್ಕೆ ಹಾಕಿದ ಸಹಿ

ಕಳೆದ ಮಳೆಗಾಲದಲ್ಲಿ ಮಂಜೇಶ್ವರ ತಾಲೂಕಿನ ಮಹಿಳೆಯೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ತುಂಬಿಕೊಂಡು ನನ್ನ ಕಚೇರಿಗೆ ಬಂದರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಮಲಯಾಳ ಮಾತನಾಡಬಲ್ಲರು, ಓದಲಾರರು. ಪರಸ್ಪರ ಸಮ್ಮತಿಯ ವಿಚ್ಛೇದನಕ್ಕಾಗಿ ಅವರು ಸಹಿ ಹಾಕಿದ್ದ ಒಪ್ಪಂದದ ಮೂರನೆಯ ಪುಟದಲ್ಲಿ, ಚಿನ್ನಾಭರಣಗಳೆಲ್ಲವೂ ತಮಗೆ ಹಿಂದಿರುಗಿ ಬಂದಿವೆ, ಇನ್ನಾವ ಹಕ್ಕೂ ಉಳಿದಿಲ್ಲ ಎಂಬ ಅರ್ಥದ ವಾಕ್ಯವಿತ್ತು. ಚಿನ್ನವಾದರೋ ಪತಿಯ ಹೆಸರಿನಲ್ಲಿ ಸಹಕಾರಿ ಬ್ಯಾಂಕಿನಲ್ಲಿ ಅಡವಿನಲ್ಲಿತ್ತು.

1956ರ ಮೊದಲು ಈ ನೆಲ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಾಗ ನಮ್ಮ ಅಜ್ಜಂದಿರ ಪಾಲುಪಟ್ಟಿಗಳು ಕನ್ನಡದಲ್ಲಿದ್ದವು. ಓದಬಲ್ಲವರು ಮನೆಯಲ್ಲಿಯೇ ಇದ್ದರು. ಇಂದು ಸಂಸಾರ ಮುರಿಯುವ ಹೊತ್ತಿನ ಕಾಗದವನ್ನು ಓದಿಸಲು ಹೊರಗಿನವರನ್ನು ಆಶ್ರಯಿಸಬೇಕಾಗಿದೆ. ಆದುದರಿಂದ ಒಪ್ಪಂದದ ಪ್ರತಿಯೊಂದು ಕಲಮನ್ನೂ ಕನ್ನಡದಲ್ಲಿ ಬರೆಯಿಸಿಕೊಂಡು ಓದಿದ ಮೇಲೆಯೇ ಸಹಿ ಹಾಕತಕ್ಕದ್ದು. ವಕೀಲರ ಶುಲ್ಕದ ಚಿಂತೆ ಬೇಡ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಸೆಕ್ಷನ್ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ದೊರೆಯುತ್ತದೆ.

ಚಿನ್ನದ ವಿಷಯವನ್ನು ತುಸು ವಿಸ್ತರಿಸಿ ಹೇಳಬೇಕು, ಏಕೆಂದರೆ ನಮ್ಮ ಕಡೆಯ ಹೆಚ್ಚಿನ ಜಗಳಗಳು ಅಲ್ಲಿಯೇ ಸಿಕ್ಕಿಕೊಳ್ಳುತ್ತವೆ. ತವರಿನವರು ಕೊಟ್ಟ ಆಭರಣ ಸ್ತ್ರೀಧನ. ಅದು ಪತ್ನಿಯ ಸಂಪೂರ್ಣ ಸ್ವತ್ತೆಂದೂ, ಪತಿಯ ಕೈಯಲ್ಲಿದ್ದರೆ ಅದು ನಂಬಿಕೆಯಿಂದ ಇರಿಸಿಕೊಂಡದ್ದು ಮಾತ್ರವೆಂದೂ ಸುಪ್ರೀಂ ಕೋರ್ಟು 1985ರ ಪ್ರತಿಭಾ ರಾಣಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದರೆ ಕೊಟ್ಟದ್ದೆಷ್ಟು ಎಂಬುದನ್ನು ತೋರಿಸಬೇಕಲ್ಲ! ಜವಳಿ ಅಂಗಡಿಯ ಚೀಟಿಯನ್ನು ಹತ್ತು ವರ್ಷ ಜೋಪಾನ ಮಾಡುವ ಮನೆಗಳಲ್ಲಿಯೂ ಚಿನ್ನದ ಬಿಲ್ಲು ಸಿಗುವುದಿಲ್ಲ. ಬಿಲ್ಲು, ಮದುವೆಯ ಛಾಯಾಚಿತ್ರ, ವೀಡಿಯೊ, ಅಡವಿನ ರಸೀದಿ, ಇವೆಲ್ಲವುಗಳ ನಕಲನ್ನು ತವರಿನಲ್ಲಿ ಇರಿಸಿಕೊಳ್ಳಿರಿ.

ಮನೆ, ತೋಟಗಳಲ್ಲಿ ಅರ್ಧ ಪಾಲು ತಾನಾಗಿಯೇ ಬರುತ್ತದೆಂಬ ನಂಬಿಕೆ ಹಲವರಲ್ಲಿದೆ. ಪೋರ್ಚುಗೀಸ್ ಕಾಲದ ನಾಗರಿಕ ಸಂಹಿತೆ ಉಳಿದಿರುವ ಗೋವಾದಂತಹ ಕಡೆ ಬಿಟ್ಟರೆ ಹಾಗಿಲ್ಲ. ಬದಲಾಗಿ ಜೀವನಾಂಶವಿದೆ: ಹಿಂದೂ ವಿವಾಹ ಕಾಯ್ದೆಯ 24ನೆಯ ಸೆಕ್ಷನ್ ಪ್ರಕಾರ ಪ್ರಕರಣ ನಡೆಯುತ್ತಿರುವಾಗ, 25ರ ಪ್ರಕಾರ ಅನಂತರವೂ. ಇವೆರಡನ್ನೂ ಪತಿಯೂ ಕೇಳಬಹುದು ಎಂಬುದು ಹೆಚ್ಚಿನವರಿಗೆ ತಿಳಿಯದು. ಪತ್ನಿಯಾದವಳು ಯಾವ ಧರ್ಮದವಳಾದರೂ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಸೆಕ್ಷನ್ ಅಡಿ ಅರ್ಜಿ ಸಲ್ಲಿಸಬಹುದು. 2020ರ ರಜನೀಶ್ ಪ್ರಕರಣದ ತೀರ್ಪಿನಿಂದೀಚೆಗೆ ಇಬ್ಬರೂ ಆಸ್ತಿ, ಆದಾಯ, ಸಾಲಗಳನ್ನು ಪ್ರಮಾಣಪತ್ರದಲ್ಲಿ ತೋರಿಸಬೇಕು. ಜೀವನಾಂಶವು ಅರ್ಜಿ ಕೊಟ್ಟ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಕೊಡುವವರಿಗೂ ಒಂದು ಮಾತು: ಕೈಯಲ್ಲಿ ನಗದು ಕೊಡಬೇಡಿ, ಬ್ಯಾಂಕಿನ ಮೂಲಕ ಕೊಡಿರಿ. ಆಧಾರವಿಲ್ಲದೆ ಕೊಟ್ಟ ಹಣವನ್ನು ಕೊಟ್ಟೆನೆಂದು ಸಾಧಿಸಲು ಹೆಣಗಾಡಿದವರನ್ನು ಕಂಡಿದ್ದೇನೆ.

ಜಂಟಿ ಖಾತೆಯಲ್ಲಿ ಇಬ್ಬರಲ್ಲಿ ಯಾರೊಬ್ಬರಾದರೂ ಹಣ ತೆಗೆಯಬಹುದಾಗಿದ್ದರೆ, ವಿವಾದ ತಲೆದೋರಿದ ಕೂಡಲೇ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ ಇಬ್ಬರ ಸಹಿಯೂ ಬೇಕೆಂದು ಮಾಡಿಸಿರಿ. ಜಂಟಿ ಗೃಹಸಾಲವಾದರೋ ಬೇರೆಯೇ ಕಥೆ. ಕಂತು ಪತಿಯೇ ಕಟ್ಟಬೇಕೆಂದು ಒಪ್ಪಂದದಲ್ಲಿ ಬರೆದರೂ ಅದು ಬ್ಯಾಂಕನ್ನು ಕಟ್ಟಿಹಾಕದು. ಸಾಲಪತ್ರದಲ್ಲಿ ಹೆಸರಿರುವವರೆಗೆ ಇಬ್ಬರೂ ಹೊಣೆ. ವಿಚ್ಛೇದನದಿಂದ ನಾಮನಿರ್ದೇಶನ ತಾನಾಗಿ ರದ್ದಾಗುತ್ತದೆಂದೂ ಭಾವಿಸಬೇಡಿ. ವಿಮೆ, ಭವಿಷ್ಯನಿಧಿ, ಠೇವಣಿಗಳಲ್ಲಿ ಹಳೆಯ ಹೆಸರೇ ಉಳಿದಿರುತ್ತದೆ.

ಮಕ್ಕಳ ಶಾಲೆಯ ಖರ್ಚನ್ನು 'ತಂದೆ ನೋಡಿಕೊಳ್ಳುವರು' ಎಂದು ಒಂದೇ ವಾಕ್ಯದಲ್ಲಿ ಮುಗಿಸುವುದು ನನಗೆ ಸರಿಕಾಣದು. ತಿಂಗಳಿಗೆ ಎಷ್ಟು, ಯಾವ ತಾರೀಕಿನೊಳಗೆ, ವರ್ಷಕ್ಕೆ ಎಷ್ಟು ಏರಿಕೆ, ಕಾಲೇಜು ಸೇರುವಾಗ ಯಾರು, ಸುಕನ್ಯಾ ಸಮೃದ್ಧಿ ಖಾತೆಗೆ ಹಣ ಕಟ್ಟುವವರು ಯಾರು, ಇಷ್ಟೂ ಇರಬೇಕು. ಮಗುವಿನ ಜೀವನಾಂಶ ಮಗುವಿನ ಹಕ್ಕು. ತಾಯಿ ಬಿಟ್ಟುಕೊಟ್ಟೆನೆಂದು ಬರೆದರೂ ಅದು ಹೋಗುವುದಿಲ್ಲ.

ಆ ಮಹಿಳೆಯ ಪುಣ್ಯಕ್ಕೆ ನ್ಯಾಯಾಲಯದ ತೀರ್ಪು ಇನ್ನೂ ಆಗಿರಲಿಲ್ಲ. ಮೊದಲ ಅರ್ಜಿಯ ಬಳಿಕ ಆರು ತಿಂಗಳ ಅವಧಿಯಿದೆ. ತೀರ್ಪಿನ ದಿನದವರೆಗೂ ಇಬ್ಬರ ಸಮ್ಮತಿ ಉಳಿದಿರಬೇಕೆಂದು 1991ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ. 2017ರಿಂದ ಆ ಅವಧಿಯನ್ನು ಮನ್ನಾ ಮಾಡಿಸಲು ಅವಕಾಶವಿದೆಯಾದರೂ, ಲೆಕ್ಕ ಮುಗಿಯದವರು ಆತುರಪಡಬಾರದೆಂಬುದು ನನ್ನ ಅಭಿಪ್ರಾಯ. ಒಪ್ಪಂದವನ್ನು ತಿದ್ದಿ ಬರೆದೆವು. ಅಡವು ಬಿಡಿಸಿ, ಆಭರಣಗಳನ್ನು ಇಬ್ಬರ ಎದುರಿನಲ್ಲಿ ತೂಗಿ ಪಟ್ಟಿ ಮಾಡಿ ಒಪ್ಪಿಸಿದ ಬಳಿಕವೇ ಅವರು ಕುಟುಂಬ ನ್ಯಾಯಾಲಯದಲ್ಲಿ ಎರಡನೆಯ ಹೇಳಿಕೆ ಕೊಟ್ಟರು. ಆ ಪಟ್ಟಿಯ ಕನ್ನಡ ಪ್ರತಿ ಈಗ ಅದೇ ಪ್ಲಾಸ್ಟಿಕ್ ಚೀಲದಲ್ಲಿದೆ.