ಹೆಸರು ಹಿಡಿದು ನೆಲಕ್ಕಿಳಿಯುವವರು

ಶ್ರವಣಬೆಳಗೊಳಕ್ಕೆ ಹೋದವರ ಕಣ್ಣು ಮೊದಲು ಮೇಲಕ್ಕೇ ಹೋಗುತ್ತದೆ. 58 ಅಡಿಯ ಗೊಮ್ಮಟ ಅಲ್ಲಿ ನಿಂತಿರುವಾಗ ಬೇರೆ ಕಡೆ ನೋಡಿ ಎಂದರೆ ಯಾರು ಕೇಳುತ್ತಾರೆ? ದೊಡ್ಡಬೆಟ್ಟ ಹತ್ತಿ ಇಳಿದು, ಎಳನೀರು ಕುಡಿದು ಬಸ್ಸು ಹಿಡಿಯುವ ಅವಸರದಲ್ಲಿ ಎರಡು ಬೆಟ್ಟಗಳ ನಡುವಿನ ಕೊಳದತ್ತ ತಿರುಗುವವರು ಕಡಿಮೆ. ಊರಿಗೆ ಹೆಸರು ಕೊಟ್ಟದ್ದು ಮಾತ್ರ ಆ ಕೊಳವೇ. ಬೆಳ್ ಎಂದರೆ ಬಿಳಿ, ಬೆಳ್ಗೊಳ ಎಂದರೆ ಬಿಳಿಯ ಕೊಳ. ಇದು ಯಾರೋ ಕುಳಿತಲ್ಲಿ ಹೊಸೆದ ಅರ್ಥವಲ್ಲ. ಅಲ್ಲಿನ ಸಂಸ್ಕೃತ ಶಾಸನಗಳು ಇದೇ ಊರನ್ನು ಧವಳಸರಸ್ಸು, ಶ್ವೇತಸರೋವರ ಎಂದು ಕರೆದಿವೆ. ಶಾಸನ ಬರೆದ ಪಂಡಿತನಿಗೆ ಕನ್ನಡದ ಹೆಸರು ಏನನ್ನು ಹೇಳುತ್ತದೆಂದು ಚೆನ್ನಾಗಿ ಗೊತ್ತಿತ್ತು, ಅದನ್ನೇ ಸಂಸ್ಕೃತಕ್ಕೆ ತಿರುಗಿಸಿಟ್ಟ.

ಊರಿನವರ ಕಥೆ ಬೇರೆ. ಆ ಗೊಮ್ಮಟನನ್ನು ಕಡೆಸಿದ ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಅಭಿಷೇಕ ಪೂರ್ತಿಯಾಗಲಿಲ್ಲ. ಅಜ್ಜಿಯೊಬ್ಬಳು ಗುಳ್ಳಕಾಯಿಯ ಓಡಿನಲ್ಲಿ ತಂದ ಹಾಲು ಗೊಮ್ಮಟನ ನೆತ್ತಿಯಿಂದ ಪಾದದವರೆಗೆ ಹರಿಯಿತು. ಆ ಗುಳ್ಳದಿಂದಲೇ ಬೆಳ್ಗುಳ ಎಂಬ ಹೆಸರು ಬಂತು ಎನ್ನುವವರಿದ್ದಾರೆ. ಕಥೆ ಸೊಗಸಾಗಿದೆ, ಅಧಿಕಾರದ ಸೊಕ್ಕಿಗೆ ಮದ್ದೂ ಹೌದು. ಆದರೆ ಹೆಸರಿನ ಮೂಲ ಎಲ್ಲಿದೆ ಎಂದು ಕೇಳಿದರೆ ಶಾಸನವೂ ನೆಲವೂ ಒಟ್ಟಿಗೆ ಕೊಳದ ಕಡೆಗೇ ಬೊಟ್ಟು ಮಾಡುತ್ತವೆ.

ಹೀಗೆ ಹೆಸರೊಂದನ್ನು ಹಿಡಿದು ನೆಲಕ್ಕಿಳಿದು, ಕೆರೆ, ಬಂಡೆ, ಮರ, ಹಾಳುಗುಡಿಗಳ ನಡುವೆ ಚರಿತ್ರೆಯನ್ನು ಹುಡುಕುವ ಕೆಲಸಕ್ಕೆ ಸ್ಥಳನಾಮ ಅಧ್ಯಯನ ಎನ್ನುತ್ತಾರೆ. ಇದಕ್ಕೆ ಬೇಕಾದ ಸಲಕರಣೆ ಹೆಚ್ಚಿಲ್ಲ. ಹಳೆಯ ಶಾಸನ ಓದಲು ಬರಬೇಕು, ಇಲ್ಲವೇ ಓದಿದವರ ಪುಸ್ತಕ ಕೈಯಲ್ಲಿರಬೇಕು. ಊರ ಹಿರಿಯರ ಮಾತಿಗೆ ಕಿವಿಗೊಡಬೇಕು. ಬಿಸಿಲಲ್ಲಿ ನಡೆಯಬೇಕು. ಕೊನೆಯದನ್ನು ತಪ್ಪಿಸಿಕೊಂಡು ಮೊದಲೆರಡರಲ್ಲೇ ಕೆಲಸ ಮುಗಿಸಲು ಹೊರಟವರಿಂದಲೇ ಈ ವಿದ್ಯೆಗೆ ಆಗಾಗ ಕೆಟ್ಟ ಹೆಸರು ಬಂದಿದೆ.

ಕನ್ನಡದಲ್ಲಿ ಈ ಕೆಲಸ ಸಾಧ್ಯವಾದದ್ದು ಶಾಸನಗಳ ಕಣಜವೇ ನಮ್ಮಲ್ಲಿ ಇದ್ದದ್ದರಿಂದ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಹಳ್ಳಿಹಳ್ಳಿಗಳ ಕಲ್ಲುಗಳನ್ನು ಓದಿಸಿ, 1886ರಿಂದ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಅಚ್ಚು ಹಾಕಿಸಿದರು. ದಾನ ಕೊಟ್ಟ ರಾಜನನ್ನೂ ಪಡೆದ ಬ್ರಾಹ್ಮಣನನ್ನೂ ಇತಿಹಾಸಕಾರರು ಅದರಿಂದ ಎತ್ತಿಕೊಂಡರು. ದಾನ ಕೊಟ್ಟ ಹೊಲದ ಎಲ್ಲೆ ಹೇಳುವ ಸಾಲುಗಳಿಗೆ ಬಹಳ ಕಾಲ ಗಿರಾಕಿಗಳಿರಲಿಲ್ಲ. ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾವ ಹುಣಸೆಮರ, ಪಡುವಲಿಗೆ ಯಾವ ಕೆರೆಯ ಕೋಡಿ ಎಂಬ ವಿವರವೆಲ್ಲ ಅಲ್ಲೇ ಇದೆ. ಸ್ಥಳನಾಮದವರಿಗೆ ಬೇಕಾದ ಸರಕು ಇದೇ.

ಈ ಸರಕಿಗೆ ಕನ್ನಡದಲ್ಲಿ ದೊಡ್ಡ ಧೈರ್ಯದಿಂದ ಕೈಹಾಕಿದವರು ಧಾರವಾಡದಲ್ಲಿ ಶಾಲಾಮಾಸ್ತರರಾಗಿದ್ದ ಶಂಬಾ ಜೋಶಿ. 'ಕಣ್ಮರೆಯಾದ ಕನ್ನಡ', 'ಎಡೆಗಳು ಹೇಳುವ ಕಂನಾಡ ಕಥೆ' ಎಂಬ ಹೆಸರುಗಳೇ ಅವರ ಪುಸ್ತಕಗಳ ಗುಟ್ಟನ್ನು ಬಿಟ್ಟುಕೊಡುತ್ತವೆ. ಮಹಾರಾಷ್ಟ್ರದ ಒಳಗೆ ಎಷ್ಟೋ ದೂರದವರೆಗೆ ಊರ ಹೆಸರುಗಳಲ್ಲಿ ಕನ್ನಡ ಹೂತುಕೊಂಡಿದೆ ಎಂದು ಅವರು ವಾದಿಸಿದರು. ಪಂಢರಪುರವೇ ಹಳೆಯ ಕನ್ನಡ ಶಾಸನದಲ್ಲಿ ಪಂಡರಗೆ. ಶಂಬಾ ಅವರ ಎಲ್ಲ ವ್ಯುತ್ಪತ್ತಿಗಳನ್ನೂ ಇಂದು ಒಪ್ಪಬೇಕಾಗಿಲ್ಲ. ಕೆಲವು ಕಡೆ ಅವರ ಓಟಕ್ಕೆ ಸಾಕ್ಷ್ಯ ಹಿಂದೆ ಬೀಳುತ್ತದೆ. ಆದರೆ ಹೆಸರನ್ನು ಸಾಕ್ಷಿಯ ಕಟಕಟೆಗೆ ತಂದು ನಿಲ್ಲಿಸಬಹುದು ಎಂದು ಕನ್ನಡಿಗರಿಗೆ ಕಲಿಸಿದ್ದು ಅವರು. ಮುಂದೆ ಎಂ. ಚಿದಾನಂದಮೂರ್ತಿ, ಎಂ.ಎಂ. ಕಲಬುರ್ಗಿ ಮುಂತಾದ ಶಾಸನತಜ್ಞರು ಈ ದಾರಿಗೆ ಶಿಸ್ತು ತಂದರು. ಇಡೀ ದೇಶದ ಸ್ಥಳನಾಮಗಳ ಅಧ್ಯಯನಕ್ಕೆಂದೇ ಹುಟ್ಟಿದ ವಿದ್ವಾಂಸರ ಸಂಘದ ನೆಲೆಯೂ ನಮ್ಮ ಮೈಸೂರೇ.

ಶಿಸ್ತು ಎಂದರೇನು? ಮೊದಲನೆಯ ಕಟ್ಟಳೆ, ಇಂದಿನ ಹೆಸರನ್ನು ಬಿಡಿಸಲು ಕೂರಬಾರದು. ಸಿಕ್ಕ ಅತಿ ಹಳೆಯ ರೂಪವನ್ನು ಹಿಡಿಯಬೇಕು. ಬೆಂಗಳೂರಿನ ಹೆಬ್ಬಾಳವನ್ನೇ ನೋಡಿ. ಮೇಲುನೋಟಕ್ಕೆ ಅಲ್ಲಿ ದೊಡ್ಡ ಹಳ್ಳವೋ ದೊಡ್ಡ ಹಾಳೋ ಕಾಣುತ್ತದೆ. ಪಕ್ಕದಲ್ಲಿ ಕೆರೆ ಇರುವುದರಿಂದ ಹಳ್ಳದ ಕಡೆಗೆ ಮನಸ್ಸು ವಾಲುವುದೂ ಸಹಜ. 2018ರಲ್ಲಿ ಅಲ್ಲಿ ಕಿತ್ತಯ್ಯ ಎಂಬ ವೀರನ ಶಾಸನ ಬೆಳಕಿಗೆ ಬಂತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಅದರಲ್ಲಿ ಈ ಸೀಮೆಯ ಹೆಸರು ಪೆರ್ಬೊೞಲ್ ನಾಡು. ಪೆರ್ ಎಂದರೆ ಹಿರಿದು, ಪೊೞಲ್ ಎಂದರೆ ಪಟ್ಟಣ. ಹಳ್ಳವೂ ಅಲ್ಲ, ಹಾಳೂ ಅಲ್ಲ. ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಏಳೆಂಟು ನೂರು ವರ್ಷ ಮೊದಲೇ ಅದು ಹಿರಿಯ ಪೊಳಲು. ಈಗ ಮೇಲ್ಸೇತುವೆಯ ಮೇಲೆ ಗಂಟೆಗಟ್ಟಲೆ ನಿಲ್ಲುವವರಿಗೆ ಈ ಮಾತು ಸಮಾಧಾನ ಕೊಡಲಾರದು, ಇರಲಿ.

ಪೆರ್ಬೊೞಲ್ ಹೆಬ್ಬಾಳವಾದದ್ದು ಹೇಗೆ ಎಂಬುದಕ್ಕೆ ಕನ್ನಡದ ಒಂದು ದೊಡ್ಡ ಪಲ್ಲಟ ಗೊತ್ತಿರಬೇಕು. ಹತ್ತನೆಯ ಶತಮಾನದ ಆಸುಪಾಸಿನಿಂದ ಪದದ ಮೊದಲಿನ ಪಕಾರ ಹಕಾರವಾಗುತ್ತ ಬಂತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಇದಕ್ಕೆ ಬೇಲೂರು ತಾಲ್ಲೂಕಿನ ಹಲ್ಮಿಡಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅಲ್ಲಿ ಪತ್ತೆಹಚ್ಚಿದ, ಸುಮಾರು ಕ್ರಿ.ಶ. 450ರ ಶಾಸನದ ಒಳಗೇ ಆ ಊರಿದೆ, ಪಲ್ಮಡಿ ಎಂಬ ಹೆಸರಿನಲ್ಲಿ. ಹದಿನೈದು ಶತಮಾನಗಳಲ್ಲಿ ರಾಜವಂಶಗಳು ಎಷ್ಟೋ ಬಂದು ಹೋದವು. ಊರು ಹೆಸರನ್ನು ಬಿಡಲಿಲ್ಲ, ಮೊದಲ ಅಕ್ಷರವನ್ನು ಮಾತ್ರ ಕಾಲಕ್ಕೆ ತಕ್ಕಂತೆ ಬದಲಿಸಿಕೊಂಡಿತು.

ಬೆಂಗಳೂರಿನ ಬೆಂದಕಾಳು ಕಥೆ ಬಿದ್ದದ್ದೂ ಹೀಗೆ ಹಳೆಯ ಕಲ್ಲೊಂದರ ಮುಂದೆಯೇ. ಹೊಯ್ಸಳ ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿ, ಅಜ್ಜಿ ಕೊಟ್ಟ ಬೇಯಿಸಿದ ಕಾಳು ತಿಂದನಂತೆ, ಊರು ಬೆಂದಕಾಳೂರಾಯಿತಂತೆ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 890ರ ಕಲ್ಲೊಂದಿದೆ, ನಾಗತ್ತರ ಎಂಬವನ ಮಗ ಬೆಂಗಳೂರಿನ ಕಾಳಗದಲ್ಲಿ ಮಡಿದ ಸುದ್ದಿ ಅದರಲ್ಲಿದೆ. ಬಲ್ಲಾಳ ಆಳಿದ್ದು ಅದಾಗಿ ಸುಮಾರು ಮುನ್ನೂರು ವರ್ಷಗಳ ಮೇಲೆ. ಬೇಂಗೆ, ಅಂದರೆ ಹೊನ್ನೆ ಮರದಿಂದ ಈ ಹೆಸರು ಬಂದಿರಬಹುದು ಎನ್ನುವ ವಾದವಿದೆ. ನನಗೆ ಕಾಳಿಗಿಂತ ಮರವೇ ಮೇಲೆನಿಸುತ್ತದೆ, ಆದರೆ ಅದನ್ನು ಸಾಬೀತು ಎಂದು ಯಾರೂ ಬರೆಯಬಾರದು.

ಎರಡನೆಯ ಕಟ್ಟಳೆ, ಹೆಸರನ್ನು ಸ್ಥಳಕ್ಕೆ ಒಯ್ದು ನೋಡಬೇಕು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊೞಲ್. ಕಿಸು ಎಂದರೆ ಕೆಂಪು, ಕೆಂಪು ಪಟ್ಟಣ. ನಿಘಂಟಿನಲ್ಲಿ ಇದನ್ನು ಓದುವುದು ಬೇರೆ, ಸಂಜೆ ಐದರ ಬಿಸಿಲಿಗೆ ಮಲಪ್ರಭೆಯ ದಂಡೆಯಲ್ಲಿ ನಿಂತು ವಿರೂಪಾಕ್ಷ ಗುಡಿಯ ಮರಳುಗಲ್ಲನ್ನೂ ಹಿಂದಿನ ಗುಡ್ಡವನ್ನೂ ನೋಡುವುದು ಬೇರೆ. ಸುತ್ತಲ ಸೀಮೆಗೂ ಕಿಸುಕಾಡು ಎಂಬ ಹೆಸರಿತ್ತು. ಚಾಲುಕ್ಯರು ಗುಡಿ ಕಟ್ಟಿ ಊರನ್ನು ಕೆಂಪು ಮಾಡಲಿಲ್ಲ, ನೆಲ ಕೆಂಪಾಗಿದ್ದಲ್ಲಿಗೆ ಬಂದು ಗುಡಿ ಕಟ್ಟಿದರು. ಕಲ್ಲು ಎಲ್ಲಿತ್ತೋ ಶಿಲ್ಪ ಅಲ್ಲಿ ಬೆಳೆಯಿತು ಎಂಬ ಭೂವಿಜ್ಞಾನದ ಪಾಠ ಈ ಒಂದು ಹೆಸರಿನಲ್ಲಿದೆ.

'ಕವಿರಾಜಮಾರ್ಗ' ತಿರುಳ್ಗನ್ನಡದ ನಾಡನ್ನು ಗುರುತಿಸಲು ನಾಲ್ಕು ಊರುಗಳನ್ನು ಹೇಳುತ್ತದೆ: ಕಿಸುವೊೞಲ್, ಕೊಪಣ, ಪುಲಿಗೆರೆ, ಒಂಕುಂದ. ಕೊಪಣ ಕೊಪ್ಪಳವಾಗಿ ಉಳಿದಿದೆ, ಒಂಕುಂದ ಬೆಳಗಾವಿ ಜಿಲ್ಲೆಯ ಒಕ್ಕುಂದವಾಗಿ ಉಳಿದಿದೆ. ಹುಲಿಯೂ ಕೆರೆಯೂ ಇದ್ದ ಪುಲಿಗೆರೆಗೆ ಈಗ ಲಕ್ಷ್ಮೇಶ್ವರ ಎಂಬ ಫಲಕ. ದೇವರ ಹೆಸರಿನ ಬಗ್ಗೆ ತಕರಾರಿಲ್ಲ. ಆದರೆ ಈಶ್ವರ, ಪುರ, ನಗರಗಳು ಬಂದು ಕೂತ ಕಡೆಯೆಲ್ಲ ಅಡಿಯಲ್ಲಿದ್ದ ಹುಲಿ, ಕೆರೆ, ಮರಗಳು ಕಾಣದಂತಾಗುತ್ತವೆ. ಲಕ್ಷ್ಮೇಶ್ವರ ಎಂಬ ಹೆಸರಿನಿಂದ ಆ ನೆಲದ ಬಗ್ಗೆ ಏನೂ ತಿಳಿಯುವುದಿಲ್ಲ.

ಕೆರೆಯ ಮಾತು ಬಂದದ್ದರಿಂದ ಹೇಳುತ್ತೇನೆ, ಬೆಂಗಳೂರಿನ ಸುತ್ತ ಸಿಂಗಸಂದ್ರ, ಬೊಮ್ಮಸಂದ್ರ, ಜಕ್ಕಸಂದ್ರ, ಹೊಂಗಸಂದ್ರ ಎಂದು ಸಾಲುಸಾಲು ಊರುಗಳಿವೆ. ಈ ಸಂದ್ರ ಬೇರೇನಲ್ಲ, ಸಮುದ್ರ. ಕಟ್ಟಿಸಿದ ಕೆರೆಗೆ ಸಮುದ್ರವೆಂದು ಹೆಸರಿಡುವುದು ಹಿಂದಿನವರ ವಾಡಿಕೆ. ಕಡಲಿಲ್ಲದ ಬಯಲುಸೀಮೆಗೆ ಆ ಹೆಮ್ಮೆ ಸಲ್ಲುವಂಥದ್ದೇ. ಇಂದು ಅಲ್ಲಿ ಫ್ಯಾಕ್ಟರಿಯೋ ಅಪಾರ್ಟ್‌ಮೆಂಟೋ ಇರಬಹುದು. ಮಳೆಗಾಲದಲ್ಲಿ ನೆಲಮಾಳಿಗೆಗೆ ನೀರು ನುಗ್ಗಿದಾಗ ಬಿಲ್ಡರನ್ನು ಬೈಯುವುದರ ಜೊತೆಗೆ ಊರ ಹೆಸರನ್ನೂ ಒಮ್ಮೆ ಓದಿಕೊಳ್ಳಬಹುದು.

ಮೂರನೆಯದು ಕಟ್ಟಳೆಗಿಂತ ಎಚ್ಚರಿಕೆ: ಉಲಿ ಒಂದೇ ಆದ ಮಾತ್ರಕ್ಕೆ ಬೇರು ಒಂದೇ ಅಲ್ಲ. ಆನೇಕಲ್ಲಿನಲ್ಲಿ ಎಲ್ಲರಿಗೂ ಆನೆ ಕಾಣುತ್ತದೆ. ರೈಸ್ ತಮ್ಮ ಗ್ಯಾಸೆಟಿಯರಿನಲ್ಲಿ ಅದಕ್ಕೆ ಕೊಟ್ಟ ಅರ್ಥ ಆಲಿಕಲ್ಲು. ಹಳೆಯ ಕನ್ನಡದಲ್ಲಿ ಆಲಿಕಲ್ಲಿಗೆ ಆನೆಕಲ್ಲು ಎಂಬ ಮಾತೂ ಇತ್ತು. ಇನ್ನೂ ದೊಡ್ಡ ಬಲೆ ಗಂಗಾವತಿಯ ಹತ್ತಿರದ ಹಿರೇಬೆಣಕಲ್ಲಿನಲ್ಲಿದೆ. ಅಲ್ಲಿ ಬೆಟ್ಟದ ಮೇಲೆ ನೂರಾರು ಶಿಲಾಸಮಾಧಿಗಳು, ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿದ ಕಲ್ಮನೆಗಳು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಈ ತಾಣ ಸೇರಿತು. ಸುತ್ತಲಿನ ಜನ ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಮೋರ್ಯ ಎಂದ ಕೂಡಲೇ ಮೌರ್ಯ ಎನ್ನಲು ಯಾರಿಗಾದರೂ ನಾಲಗೆ ತುರಿಸುತ್ತದೆ. ಅಶೋಕನ ಶಾಸನಗಳಿರುವ ಕೊಪ್ಪಳ, ಮಸ್ಕಿಗಳೂ ದೂರವಿಲ್ಲ. ಆದರೆ ಇಂಥ ಶಿಲಾಸಮಾಧಿಗಳನ್ನು ಕಟ್ಟುವ ಪದ್ಧತಿ ದಕ್ಷಿಣದಲ್ಲಿ ಅಶೋಕನಿಗಿಂತ ಎಷ್ಟೋ ಶತಮಾನ ಹಿಂದೆಯೇ ಬೇರೂರಿತ್ತು. ಹೆಸರು ಚೆಂದವಾಗಿ ಹೊಂದಿಕೊಂಡಾಗಲೇ ಹೆಚ್ಚು ಅನುಮಾನ ಪಡಬೇಕು.

ಹಾಗೆಂದು ಜನರ ಹೆಸರುಗಳನ್ನು ಕಡೆಗಣಿಸಿದರೂ ಕೆಟ್ಟಿತು. ಬಳ್ಳಾರಿ ಸೀಮೆಯಲ್ಲೂ ಸುರಪುರದ ಕಡೆಗೂ ಬೂದಿದಿಬ್ಬ, ಬೂದಿಗುಡ್ಡ ಎಂದು ಕರೆಯುವ ದಿಬ್ಬಗಳಿವೆ. ರಾಕ್ಷಸರನ್ನು ಸುಟ್ಟ ಬೂದಿ ಎಂದು ಜನ ಹೇಳುತ್ತ ಬಂದರು. ಜ್ವಾಲಾಮುಖಿಯೋ, ಲೋಹ ಕರಗಿಸಿದ ಕಿಟ್ಟವೋ ಎಂದು ಓದಿದವರು ನೂರಕ್ಕೂ ಹೆಚ್ಚು ವರ್ಷ ಜಗಳವಾಡಿದರು. ಈಗಿನ ತೆಲಂಗಾಣದ ಉತ್ನೂರಿನಲ್ಲಿ ಅಗೆದ ಎಫ್.ಆರ್. ಆಲ್ಚಿನ್ ಅವರು 1963ರ ತಮ್ಮ ಪುಸ್ತಕದಲ್ಲಿ ಅದು ಹೊಸ ಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ರಾಶಿಬಿದ್ದು ಸುಟ್ಟ ಸಗಣಿ ಎಂದು ತೋರಿಸಿದರು. ಆಮೇಲೆ ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ಅಗೆದಾಗ ಬೂದಿಯ ಪಕ್ಕದಲ್ಲೇ ಆ ದನಗಾಹಿಗಳ ವಸತಿಯೂ ಸಿಕ್ಕಿತು. ನಾಲ್ಕು ಸಾವಿರ ವರ್ಷ ಹಳೆಯ ನೆಲೆ. ರಾಕ್ಷಸರ ವಿಷಯದಲ್ಲಿ ಜನ ಹೇಳಿದ್ದು ಕಥೆ, ಬೂದಿಯ ವಿಷಯದಲ್ಲಿ ಅವರು ಹೇಳಿದ್ದು ನಿಜ. ಕಥೆಯನ್ನು ನಂಬದೆಯೂ ಹೆಸರನ್ನು ನಂಬಬಹುದು ಎನ್ನುವುದು ಹೀಗೆ.

ಊರ ಹೆಸರುಗಳಿಗೆ ಹೇಗೋ ಕಾವಲಿದೆ. ಅಂಚೆ ಕಚೇರಿ ಇದೆ, ಮತದಾರರ ಪಟ್ಟಿ ಇದೆ. ಬೆಂಗಳೂರಿನ ಸುತ್ತಲಿನ ಶಾಸನಗಳನ್ನು ಮಿಥಿಕ್ ಸೊಸೈಟಿ 2021ರಿಂದ ಮೂರು ಆಯಾಮದ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. 1909ರಲ್ಲಿ ಹುಟ್ಟಿದ ಸಂಸ್ಥೆಗೆ ಈ ಹೊಸ ಹುರುಪು ಬಂದದ್ದು ನಿಜಕ್ಕೂ ಸಂತೋಷ. ಯಾವ ಕಾವಲೂ ಇಲ್ಲದವು ಹೊಲಗಳ ಹೆಸರು. ಕಂದಾಯದ ಕಡತದಲ್ಲಿ ಬೇಚರಾಕ್ ಗ್ರಾಮ ಎಂಬ ಮಾತೊಂದಿದೆ. ಪಾರಸಿಯಿಂದ ಬಂದದ್ದು, ದೀಪವಿಲ್ಲದ್ದು ಎಂದರ್ಥ. ಜನ ಬಿಟ್ಟುಹೋದ ಊರು. ಕಡತದಲ್ಲಿ ಅದು ಬರೀ ಸರ್ವೆ ನಂಬರ್. ಹೊಲದವರಿಗೆ ಮಾತ್ರ ಅದು ಹಾಳೂರ ಹೊಲ, ಗುಡಿ ಹಕ್ಕಲು, ದೊಡ್ಡಬಾವಿ ಪಟ್ಟಿ. ಉಳುವಾಗ ಮಡಕೆಚೂರು ಮೇಲೇಳುತ್ತದೆ. ಬದುವಿನಲ್ಲಿ ವೀರಗಲ್ಲು ಅಡ್ಡಬಿದ್ದಿರುತ್ತದೆ. ಊರಿಲ್ಲದ ಹನುಮಪ್ಪನಿಗೆ ಪಕ್ಕದೂರಿನವರು ವರ್ಷಕ್ಕೊಮ್ಮೆ ಕಾಯಿ ಒಡೆದು ಬರುತ್ತಾರೆ. ಹೊಲ ಮಾರಿ ಲೇಔಟ್ ಆದ ದಿನ ಇವೆಲ್ಲ ಒಟ್ಟಿಗೆ ಹೋಗುತ್ತವೆ, ಯಾವ ಗೆಜೆಟ್ಟಿನಲ್ಲೂ ಸುದ್ದಿಯಾಗುವುದಿಲ್ಲ.

ಇದನ್ನು ಉಳಿಸಲು ವಿಶ್ವವಿದ್ಯಾಲಯ ಬೇಕಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಗ್ರಾಮ ನಕಾಶೆಯ ಒಂದು ಪ್ರತಿ ತೆಗೆದುಕೊಂಡು ಮನೆಯ ಹಿರಿಯರ ಜೊತೆ ಕುಳಿತುಕೊಳ್ಳಿ. ಒಂದೊಂದು ಸರ್ವೆ ನಂಬರಿಗೂ ಅವರು ಏನೆನ್ನುತ್ತಾರೋ ಅದನ್ನು ಅವರ ಬಾಯಲ್ಲಿ ಬಂದಂತೆಯೇ ಬರೆದುಕೊಳ್ಳಿ, ತಿದ್ದಬೇಡಿ. ಹೊಲದಲ್ಲಿ ಬರಹವಿರುವ ಕಲ್ಲು ಕಂಡರೆ ಅದಕ್ಕೆ ಎಣ್ಣೆ, ಸುಣ್ಣ, ಬಣ್ಣ ಬಳಿಯಬೇಡಿ. ಫೋಟೊ ತೆಗೆದು ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೋ ತಿಳಿಸಿ. ಅರ್ಥ ಆಮೇಲೆ ಹುಡುಕಿದರಾಯಿತು, ಹೆಸರನ್ನು ಈ ಬೇಸಿಗೆಯಲ್ಲೇ ಬರೆದಿಡಿ.