ಪಿಸ್ತೂಲಿನ ಕ್ಯಾಲಿಬರ್ ಮತ್ತು ಮರುತುಂಬಿದ ತೋಟಾ: ಸ್ಪರ್ಧೆಯ ಒಂದು ಅಳತೆಯ ಚರಿತ್ರೆ

೧

ಆಯುಧಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಯುದ್ಧರಂಗದ ಕಡೆಗೇ ದೃಷ್ಟಿ ನೆಟ್ಟವರು. ಯುದ್ಧದ ಆಯುಧವು ಆಟದ ಸಾಧನವಾಗಿ ಮಾರ್ಪಟ್ಟ ಮೇಲೆ ಅದರ ಗತಿ ಏನಾಗುತ್ತದೆ ಎಂಬ ವಿಚಾರಕ್ಕೆ ಅವರ ಗ್ರಂಥಗಳಲ್ಲಿ ದೊರೆಯುವ ಸ್ಥಳ ಅಲ್ಪ. ಪ್ರಕೃತ ಲೇಖನದಲ್ಲಿ ನಾವು ಅಂಥದೊಂದು ವಿಚಾರವನ್ನು ತೆಗೆದುಕೊಂಡಿದ್ದೇವೆ. ಪಿಸ್ತೂಲಿನ ಸ್ಪರ್ಧೆಗೆ ಇಳಿಯುವವನು ಯಾವ ಕ್ಯಾಲಿಬರನ್ನು ಆರಿಸಿಕೊಳ್ಳುತ್ತಾನೆ, ತನ್ನ ತೋಟಾಗಳನ್ನು ತಾನೇ ಏಕೆ ತುಂಬಿಕೊಳ್ಳುತ್ತಾನೆ ಎಂಬುದೇ ಆ ವಿಚಾರ. ಮೇಲುನೋಟಕ್ಕೆ ಇದು ಗುರಿಕಾರನ ಸ್ವಂತ ರುಚಿಗೆ ಸೇರಿದ ಮಾತು. ಬಿಡಿಸಿ ನೋಡಿದರೆ, ಅವನ ಆಯ್ಕೆಯನ್ನು ನಡೆಸುವುದು ನಿಯಮಾವಳಿಯ ಒಂದು ಅಂಕೆ ಎಂದೂ, ಆ ಅಂಕೆಯ ಹಿಂದೆ ಹಳೆಯ ಯುದ್ಧಗಳ ಅನುಭವವೂ ಹಳೆಯ ಉಪಕರಣವೊಂದರ ಸ್ವಭಾವವೂ ಇವೆಯೆಂದೂ ತಿಳಿದುಬರುತ್ತದೆ.

ಮೊದಲು ಪರಿಭಾಷೆಯ ಒಂದು ಮಾತು. ನಮ್ಮ ಮಲೆನಾಡಿನಲ್ಲಿ ತೋಟಾ ಕೋವಿ, ಕೇಪಿನ ಕೋವಿ ಎಂಬ ಹೆಸರುಗಳು ಬಹುಕಾಲದಿಂದ ಬಳಕೆಯಲ್ಲಿವೆ. ಆ ಮಾತುಗಳನ್ನೇ ನಾವು ಇಲ್ಲಿ ಉಳಿಸಿಕೊಂಡಿದ್ದೇವೆ. ತೋಟಾದಲ್ಲಿ ನಾಲ್ಕು ಭಾಗಗಳು: ಹಿತ್ತಾಳೆಯ ಕೋಶ, ಅದರ ತಳದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಕ್ಯಾಲಿಬರ್ ಎಂದರೆ ನಳಿಗೆಯ ಒಳವ್ಯಾಸ. ಗುಂಡಿನ ತೂಕವನ್ನು ಇಂದಿಗೂ ಗ್ರೇನುಗಳಲ್ಲಿ ಹೇಳುವುದು ರೂಢಿ. ೭,೦೦೦ ಗ್ರೇನುಗಳಿಗೆ ಒಂದು ಪೌಂಡು. ನಮ್ಮ ಅಕ್ಕಸಾಲಿಗರು ಗುಲಗಂಜಿಯನ್ನು ತೂಕದ ಮಾನವಾಗಿ ಮಾಡಿಕೊಂಡಂತೆ, ಯೂರೋಪಿನವರು ಧಾನ್ಯದ ಕಾಳನ್ನು ಮಾಡಿಕೊಂಡಿದ್ದರು. ಗ್ರೇನ್ ಅದರ ಉಳಿಕೆ.

ಕ್ಯಾಲಿಬರಿನ ಹೆಸರುಗಳನ್ನು ಅಕ್ಷರಶಃ ನಂಬಲಾಗದು. .೩೮ ಸ್ಪೆಷಲ್ ಎಂಬ ತೋಟಾದ ಗುಂಡಿನ ವ್ಯಾಸ ವಾಸ್ತವವಾಗಿ ೦.೩೫೭ ಅಂಗುಲ. ಹಿಂದಿನ ರಿವಾಲ್ವರುಗಳಲ್ಲಿ ಗುಂಡು ಕೋಶದ ಹೊರವ್ಯಾಸಕ್ಕೆ ಸರಿಸಮವಾಗಿತ್ತು. ಮುಂದೆ ಗುಂಡನ್ನು ಕೋಶದ ಒಳಕ್ಕೆ ಕೂರಿಸತೊಡಗಿದಾಗ ಅದರ ವ್ಯಾಸ ತಗ್ಗಿತು, ಹೆಸರು ಮಾತ್ರ ತಗ್ಗಲಿಲ್ಲ. ಊರು ಅಳಿದರೂ ಊರಿನ ಹೆಸರು ಹೊಲಕ್ಕೆ ಉಳಿಯುವ ಹಾಗೆ, ಇಲ್ಲಿ ಹಳೆಯ ಅಳತೆ ಹೊಸ ವಸ್ತುವಿನ ಹೆಸರಾಗಿ ಉಳಿದಿದೆ.

೨

ಇಂದಿನ ಸ್ಪರ್ಧೆಗಳಲ್ಲಿ ಕಾಣುವ ದೊಡ್ಡ ತೋಟಾಗಳ ಪೈಕಿ ಎರಡು, ಇಪ್ಪತ್ತನೆಯ ಶತಮಾನದ ಆರಂಭದ ಸೈನ್ಯಗಳ ಸೃಷ್ಟಿ. ಜರ್ಮನಿಯಲ್ಲಿ ಗಿಯೋರ್ಗ್ ಲೂಗರ್ ರೂಪಿಸಿದ ೯ ಮಿಲಿಮೀಟರ್ ತೋಟಾವನ್ನು ಅಲ್ಲಿಯ ನೌಕಾದಳ ೧೯೦೪ರಲ್ಲಿಯೂ ಭೂಸೈನ್ಯ ೧೯೦೮ರಲ್ಲಿಯೂ ಸ್ವೀಕರಿಸಿದವು. ಅಮೆರಿಕದ ಸೈನ್ಯ ಬೇರೆ ದಾರಿ ಹಿಡಿಯಿತು. ಫಿಲಿಪೈನ್ಸ್ ದ್ವೀಪಗಳ ಯುದ್ಧದಲ್ಲಿ ತಮ್ಮ .೩೮ ರಿವಾಲ್ವರಿನ ಗುಂಡು ಮುನ್ನುಗ್ಗುವ ಎದುರಾಳಿಯನ್ನು ತಡೆಯುತ್ತಿಲ್ಲವೆಂಬ ದೂರು ಅವರ ಅಧಿಕಾರಿಗಳಿಂದ ಬಂದಿತು. ೧೯೦೪ರಲ್ಲಿ ಜಾನ್ ಥಾಮ್ಸನ್ ಮತ್ತು ಲೂಯಿ ಲಗಾರ್ಡ್ ಎಂಬ ಇಬ್ಬರು ಅಧಿಕಾರಿಗಳು ಶವಗಳ ಮೇಲೆಯೂ ಕಸಾಯಿಖಾನೆಯ ಜಾನುವಾರುಗಳ ಮೇಲೆಯೂ ಪರೀಕ್ಷೆ ನಡೆಸಿ, ಸೈನಿಕನ ಕೈಕೋವಿ .೪೫ಕ್ಕಿಂತ ಕಿರಿದಾಗಿರಬಾರದೆಂದು ವರದಿ ಮಾಡಿದರು. ಜಾನ್ ಬ್ರೌನಿಂಗ್ ರೂಪಿಸಿದ .೪೫ ತೋಟಾ ಮತ್ತು ಅದಕ್ಕೆ ತಕ್ಕ ಪಿಸ್ತೂಲು ೧೯೧೧ರಲ್ಲಿ ಅಂಗೀಕೃತವಾದದ್ದು ಈ ಹಿನ್ನೆಲೆಯಲ್ಲಿ.

ಆ ಪರೀಕ್ಷೆಯ ವಿಧಾನ ಇಂದಿನ ವಿಜ್ಞಾನಕ್ಕೆ ಒಪ್ಪಿತವಾಗಲಾರದು. ಆದರೆ ಭಾರವಾದ, ದಪ್ಪ ಗುಂಡೇ ಮೇಲು ಎಂಬ ನಂಬಿಕೆ ಅಮೆರಿಕದಲ್ಲಿ ಬೇರೂರಿತು. ೧೯೫೦ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯದಲ್ಲಿ ಜೆಫ್ ಕೂಪರ್ ಮತ್ತು ಅವನ ಸಂಗಡಿಗರು ಹೊಸ ಬಗೆಯ ಪಂದ್ಯಗಳನ್ನು ಆರಂಭಿಸಿದಾಗ ಈ ನಂಬಿಕೆಯೂ ಅವರ ಜೊತೆಗೆ ಬಂದಿತು. ನಿಂತಲ್ಲೇ ನಿಂತು ಬಿಳಿಯ ಹಲಗೆಗೆ ಗುರಿಯಿಡುವುದಕ್ಕೆ ಬದಲಾಗಿ, ಓಡಾಡುತ್ತ, ಕಾಲದ ಮಿತಿಯಲ್ಲಿ ಹಲವು ಗುರಿಗಳನ್ನು ಹೊಡೆಯುವ ಪಂದ್ಯಗಳಿವು. ೧೯೭೬ರಲ್ಲಿ ಮಿಸೌರಿ ಸಂಸ್ಥಾನದ ಕೊಲಂಬಿಯದಲ್ಲಿ ಅಂತರರಾಷ್ಟ್ರೀಯ ಪ್ರಾಯೋಗಿಕ ಗುರಿಗಾರಿಕೆ ಒಕ್ಕೂಟ ಸ್ಥಾಪಿತವಾಯಿತು. ಕೂಪರನೇ ಅದರ ಪ್ರಥಮ ಅಧ್ಯಕ್ಷ. ನಿಖರತೆ, ಬಲ, ವೇಗ ಎಂಬ ಅರ್ಥದ ಮೂರು ಲ್ಯಾಟಿನ್ ಪದಗಳನ್ನು ಒಕ್ಕೂಟ ಧ್ಯೇಯವಾಕ್ಯವಾಗಿ ಇಟ್ಟುಕೊಂಡಿತು.

೩

ಈ ಮೂರರಲ್ಲಿ ನಿಖರತೆಯನ್ನು ಗುರಿಹಲಗೆ ತೋರಿಸುತ್ತದೆ. ವೇಗವನ್ನು ಗಡಿಯಾರ ತೋರಿಸುತ್ತದೆ. ಬಲವನ್ನು ಅಳೆಯುವ ಬಗೆ ಯಾವುದು? ಇಲ್ಲಿ ಹದಿನೆಂಟನೆಯ ಶತಮಾನದ ಉಪಕರಣವೊಂದು ನೆರವಿಗೆ ಬಂದಿತು. ತೂಗುಹಾಕಿದ ಭಾರವಾದ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ದೂರ ತೂಗಿತೆಂಬುದರಿಂದ ಗುಂಡಿನ ವೇಗವನ್ನು ಕಂಡುಹಿಡಿಯುವ ಲೋಲಕವನ್ನು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ೧೭೪೨ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದ. ಈ ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪೆನಿಯ ಎಂಜಿನಿಯರಾಗಿ ನಮ್ಮ ದೇಶಕ್ಕೆ ಬಂದು, ೧೭೫೧ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ಸ್ವಾರಸ್ಯದ ಸಂಗತಿ. ಒಕ್ಕೂಟದ ಆರಂಭದ ಪಂದ್ಯಗಳಲ್ಲಿ ಸ್ಪರ್ಧಿಗಳ ತೋಟಾಗಳನ್ನು ಪರೀಕ್ಷಿಸಲು ಲೋಲಕವನ್ನೇ ಉಪಯೋಗಿಸುತ್ತಿದ್ದರು. ಗುಂಡಿನ ವೇಗವನ್ನು ನೇರವಾಗಿ ಅಳೆಯುವ ವಿದ್ಯುದ್ಯಂತ್ರಗಳು, ಅಂದರೆ ಕ್ರೋನೊಗ್ರಾಫುಗಳು, ಸುಲಭವಾಗಿ ದೊರೆಯತೊಡಗಿದ್ದು ಆಮೇಲೆ.

ಲೋಲಕವು ತೋರಿಸುವುದು ಗುಂಡಿನ ಸಂವೇಗವನ್ನು, ಎಂದರೆ ತೂಕ ಮತ್ತು ವೇಗಗಳ ಗುಣಲಬ್ಧವನ್ನು, ಚಲನಶಕ್ತಿಯನ್ನಲ್ಲ. ಇಂದಿನ ನಿಯಮಾವಳಿಯ ಬಲಾಂಕವೂ ಇದೇ ಆಗಿದೆ. ಗುಂಡಿನ ತೂಕವನ್ನು ಗ್ರೇನುಗಳಲ್ಲಿಯೂ ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂದೂ ತೆಗೆದುಕೊಂಡು, ಗುಣಿಸಿ, ಸಾವಿರದಿಂದ ಭಾಗಿಸಿದರೆ ಬಲಾಂಕ ದೊರೆಯುತ್ತದೆ. ಉಪಕರಣ ಬದಲಾಯಿತು, ಅದು ಕಲಿಸಿದ ಲೆಕ್ಕ ಉಳಿಯಿತು ಎಂದು ನಾವು ಭಾವಿಸುತ್ತೇವೆ. ಭಾರವಾದ ಗುಂಡಿನ ಪಕ್ಷಪಾತಿಗಳಿಗೆ ಈ ಲೆಕ್ಕ ಅನುಕೂಲವಾಗಿಯೇ ಇದ್ದಿತು. ೧೭೦ರ ಬಲಾಂಕವನ್ನು ಮುಟ್ಟಲು ೨೩೦ ಗ್ರೇನಿನ .೪೫ ಗುಂಡಿಗೆ ಸೆಕೆಂಡಿಗೆ ೭೪೦ ಅಡಿಯ ವೇಗ ಸಾಕು. ೧೨೪ ಗ್ರೇನಿನ ೯ ಮಿಲಿಮೀಟರ್ ಗುಂಡಿಗೆ ೧,೩೭೧ ಅಡಿ ಬೇಕು. ಚಲನಶಕ್ತಿಯಿಂದ ಅಳೆದರೆ ಎರಡನೆಯದು ಮೊದಲನೆಯದಕ್ಕಿಂತ ಒಂದು ಮುಕ್ಕಾಲು ಪಟ್ಟಿಗೂ ಮಿಗಿಲು. ಬಲಾಂಕದ ದೃಷ್ಟಿಯಲ್ಲಿ ಎರಡೂ ಸಮ.

ಸ್ಪರ್ಧಿಗಳನ್ನು ಬಲಾಂಕಕ್ಕೆ ಅನುಸಾರವಾಗಿ ಮೇಜರ್, ಮೈನರ್ ಎಂದು ವಿಭಾಗಿಸುತ್ತಾರೆ. ನಾವು ಅವನ್ನು ಗುರು, ಲಘು ಎಂದು ಕರೆಯಬಹುದು. ೨೦೧೯ರ ನಿಯಮಾವಳಿಯ ಪ್ರಕಾರ ಲಘುವಿಗೆ ಕನಿಷ್ಠ ಬಲಾಂಕ ೧೨೫. ಗುರುವಿಗೆ 'ಸ್ಟ್ಯಾಂಡರ್ಡ್' ವಿಭಾಗದಲ್ಲಿ ೧೭೦, 'ಓಪನ್' ವಿಭಾಗದಲ್ಲಿ ೧೬೦. ಗುರಿಯ ನಡುಭಾಗಕ್ಕೆ ತಗುಲಿದ ಗುಂಡಿಗೆ ಇಬ್ಬರಿಗೂ ೫ ಅಂಕ. ಅದರ ಹೊರವಲಯದಲ್ಲಿ ಗುರುವಿಗೆ ೪, ಲಘುವಿಗೆ ೩. ಇನ್ನೂ ಹೊರಗೆ ಗುರುವಿಗೆ ೨, ಲಘುವಿಗೆ ೧. ಒಟ್ಟು ಅಂಕಗಳನ್ನು ತೆಗೆದುಕೊಂಡ ಕಾಲದಿಂದ ಭಾಗಿಸುತ್ತಾರೆ.

ಒಂದು ಉದಾಹರಣೆಯಿಂದ ಇದರ ಪರಿಣಾಮ ಸ್ಪಷ್ಟವಾಗುತ್ತದೆ. ಇಪ್ಪತ್ತನಾಲ್ಕು ಗುಂಡುಗಳಲ್ಲಿ ಹದಿನಾರು ನಡುವಿಗೂ ಎಂಟು ಅದರ ಹೊರವಲಯಕ್ಕೂ ತಗುಲಿದವೆನ್ನೋಣ. ಗುರುವಿಗೆ ೧೧೨ ಅಂಕ, ಲಘುವಿಗೆ ೧೦೪. ಗುರು ತೆಗೆದುಕೊಂಡ ಕಾಲ ೨೦ ಸೆಕೆಂಡಾದರೆ, ಅವನಿಗೆ ಸಮನಾಗಲು ಲಘು ೧೮.೬ ಸೆಕೆಂಡಿನಲ್ಲಿ ಮುಗಿಸಬೇಕು. ಲಘುವಿನ ಹಿನ್ನೊದೆತ ಕಡಮೆ. ಆದುದರಿಂದ ಮುಂದಿನ ಗುಂಡಿಗೆ ಕೈ ಬೇಗ ಸಿದ್ಧವಾಗುತ್ತದೆ. ಆ ಲಾಭದಿಂದ ಸುಮಾರು ಒಂದೂವರೆ ಸೆಕೆಂಡು ಉಳಿದೀತೇ ಎಂಬುದೇ ಕ್ಯಾಲಿಬರನ್ನು ಆರಿಸುವವನ ಮುಂದಿರುವ ಪ್ರಶ್ನೆ. ಎಲ್ಲ ಗುಂಡುಗಳನ್ನೂ ನಡುವಿಗೇ ಹೊಡೆಯಬಲ್ಲವನಿಗೆ ಗುರುವಿನಿಂದ ಪ್ರಯೋಜನವಿಲ್ಲ.

'ಸ್ಟ್ಯಾಂಡರ್ಡ್' ವಿಭಾಗದಲ್ಲಿ ಗುರುವಾಗಲು ಗುಂಡಿನ ವ್ಯಾಸ ೧೦ ಮಿಲಿಮೀಟರಿಗೆ ಕಡಮೆಯಾಗಬಾರದೆಂಬ ನಿಬಂಧನೆ ಬೇರೆ ಇದೆ. ೧೯೯೦ರಲ್ಲಿ ಅಮೆರಿಕದ ಪೊಲೀಸರಿಗೆಂದು ಹೊರಬಂದ .೪೦ ತೋಟಾ ಈ ಅಂಚಿಗೆ ಸರಿಯಾಗಿ ಹೊಂದಿತು; .೪೫ಕ್ಕಿಂತ ತೆಳುವಾದ್ದರಿಂದ ಮ್ಯಾಗಜಿನ್ನಿನಲ್ಲಿ ಹೆಚ್ಚು ತೋಟಾಗಳು ಹಿಡಿಯುತ್ತವೆ. ಆ ವಿಭಾಗದಲ್ಲಿ ಅದು ಬಳಕೆಗೆ ಬಂದುದಕ್ಕೆ ಇದೇ ಕಾರಣ.

೪

ನಿಯಮದ ಅಂಕೆಗೂ ಗುರಿಕಾರನ ಕೈಗೂ ನಡುವೆ ಸಂಧಾನ ನಡೆಸುವುದೇ ಮರುತುಂಬುವಿಕೆ. ೧೮೫೭ರಲ್ಲಿ ನಮ್ಮ ಸಿಪಾಯಿಗಳು ಬಾಯಿಂದ ಕಚ್ಚಲು ನಿರಾಕರಿಸಿದ ಎನ್‌ಫೀಲ್ಡ್ ತೋಟಾ ಕಾಗದದ್ದು. ಒಮ್ಮೆ ಹರಿದರೆ ಅದರ ಕಥೆ ಮುಗಿಯಿತು. ಹಿತ್ತಾಳೆಯ ಕೋಶ ಬಂದ ಮೇಲೆ, ಹೊಡೆದು ಬಿಸುಟ ತೋಟಾದ ಅತ್ಯಂತ ಬೆಲೆಯುಳ್ಳ ಭಾಗ ನೆಲದ ಮೇಲೆ ಉಳಿಯತೊಡಗಿತು. ೧೮೬೬ರ ಸುಮಾರಿಗೆ ಕೇಪಿನ ಎರಡು ಪದ್ಧತಿಗಳು ರೂಢಿಗೆ ಬಂದವು. ಇಂಗ್ಲೆಂಡಿನ ಬಾಕ್ಸರನ ಪದ್ಧತಿಯಲ್ಲಿ ಕೋಶದ ತಳದ ನಡುವೆ ಒಂದೇ ರಂಧ್ರ. ಅಮೆರಿಕದ ಬರ್ಡನನ ಪದ್ಧತಿಯಲ್ಲಿ ಪಕ್ಕಕ್ಕೆ ಎರಡು ಕಿರುರಂಧ್ರಗಳು. ನಡುವಿನ ರಂಧ್ರದಲ್ಲಿ ಒಂದು ಸೂಜಿಯನ್ನು ತೂರಿಸಿ ಹಳೆಯ ಕೇಪನ್ನು ನೂಕಿಬಿಡುವುದು ಸುಲಭ. ಇಂಗ್ಲಿಷನ ಪದ್ಧತಿ ಅಮೆರಿಕದಲ್ಲಿಯೂ ಅಮೆರಿಕನನ ಪದ್ಧತಿ ಯೂರೋಪಿನಲ್ಲಿಯೂ ನೆಲೆಯೂರಿದ್ದು ಚರಿತ್ರೆಯ ವಿನೋದ. ಮನೆಯಲ್ಲಿ ತೋಟಾ ತುಂಬುವ ಕಲೆ ಅಮೆರಿಕದಲ್ಲಿ ಬೆಳೆದುದಕ್ಕೆ ಆ ಒಂದು ರಂಧ್ರವೂ ಒಂದು ಕಾರಣ.

ಕ್ರಮ ಹೀಗಿದೆ. ಕೋಶಗಳನ್ನು ಶುಚಿಮಾಡಿ, ಬಿರುಕು ಬಿಟ್ಟವನ್ನು ತೆಗೆದುಹಾಕಬೇಕು. ಹೊಡೆದಾಗ ಹಿಗ್ಗಿದ ಕೋಶವನ್ನು ಉಕ್ಕಿನ ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಹಳೆಯ ಕೇಪನ್ನು ನೂಕಿ ಹೊಸದನ್ನು ಕೂರಿಸಬೇಕು. ಬಾಯನ್ನು ತುಸು ಅರಳಿಸಿ, ತೂಗಿದ ಮದ್ದನ್ನು ಹಾಕಿ, ಗುಂಡನ್ನು ನಿಯಮಿತ ಆಳಕ್ಕೆ ಒತ್ತಿ, ಅರಳಿದ ಬಾಯನ್ನು ಮತ್ತೆ ಬಿಗಿಯಬೇಕು. ಪಿಸ್ತೂಲಿನ ತೋಟಾ ಕೋಶದ ಬಾಯಂಚಿನ ಮೇಲೆ ನಿಲ್ಲುವುದರಿಂದ ಆ ಅಂಚನ್ನು ಒಳಕ್ಕೆ ಮಡಿಸದೆ ನೇರಗೊಳಿಸಿ ಬಿಡುತ್ತಾರೆ. ರಿವಾಲ್ವರಿನ ತೋಟಾ ತಳದ ಅಂಚಿನ ಮೇಲೆ ನಿಲ್ಲುವುದರಿಂದ ಬಾಯನ್ನು ಗುಂಡಿನ ಗಾಡಿಯೊಳಕ್ಕೆ ಮಡಿಸಬಹುದು.

ಇದರಿಂದ ಹಣ ಉಳಿಯುತ್ತದೆಂಬುದು ಒಂದು ಲಾಭ. ಅಲ್ಪ ವರಮಾನದ ಸ್ಪರ್ಧಿಗೆ ಅದು ಚಿಕ್ಕ ಮಾತಲ್ಲ. ಆದರೆ ಮುಖ್ಯವಾದ ಲಾಭ ಬೇರೆ. ಕಾರ್ಖಾನೆಯ .೪೫ ಸೈನಿಕ ತೋಟಾದ ಗುಂಡು ಸೆಕೆಂಡಿಗೆ ೮೩೦ ಅಡಿ ಹೋಗುತ್ತದೆ, ಬಲಾಂಕ ೧೯೦. ಬೇಕಾದುದು ೧೭೦ ಮಾತ್ರ. ಉಳಿದ ೨೦ನ್ನು ಗುರಿಕಾರನ ಮಣಿಕಟ್ಟು ವ್ಯರ್ಥವಾಗಿ ಹೊರಬೇಕು. ತಾನೇ ತುಂಬಿಕೊಂಡರೆ ಆ ಹೊರೆಯನ್ನು ಇಳಿಸಬಹುದು. ಅಲ್ಲದೆ ಒಂದೇ ಬಲಾಂಕಕ್ಕೆ ಭಾರವಾದ ಗುಂಡನ್ನು ಆರಿಸಿದರೆ ಕಡಮೆ ಮದ್ದು ಸಾಕಾಗುವುದರಿಂದ ಹಿನ್ನೊದೆತ ಮೃದುವಾಗುತ್ತದೆ. ನಳಿಗೆಯ ತುದಿಯಲ್ಲಿ ಅನಿಲವನ್ನು ಮೇಲಕ್ಕೆ ಬಿಡುವ ಕಂಡಿಗಳುಳ್ಳ 'ಓಪನ್' ಪಿಸ್ತೂಲುಗಳಲ್ಲಿ ಇದು ತಿರುಗುಮುರುಗು. ಅಲ್ಲಿ ಅನಿಲ ಹೆಚ್ಚಿದಷ್ಟೂ ನಳಿಗೆ ಮೇಲೇಳದೆ ನಿಲ್ಲುವುದರಿಂದ, ಹಗುರವಾದ ಗುಂಡೂ ಹೆಚ್ಚು ಮದ್ದೂ ಅನುಕೂಲ.

ಇಲ್ಲಿಯೇ ಅಪಾಯವೂ ಅಡಗಿದೆ. ೧೯೮೦ರ ದಶಕದಲ್ಲಿ ರಾಬ್ ಲೀಥಮ್ ಮೊದಲಾದ ಅಮೆರಿಕದ ಗುರಿಕಾರರು, ೧೯೨೯ರಷ್ಟು ಹಳೆಯದಾದ .೩೮ ಸೂಪರ್ ಎಂಬ ತೋಟಾವನ್ನು ಗುರುವಿನ ಅಂಕೆಗೆ ಏರಿಸಿ ಗೆದ್ದರು. ಅವರನ್ನು ಅನುಸರಿಸಿದವರು ಬಹುಮಂದಿ. ಹಳೆಯ ಮಾದರಿಯ ನಳಿಗೆಗಳಲ್ಲಿ ತೋಟಾ ಜಾರಿ ಬರುವ ಇಳಿಜಾರಿನ ಬಳಿ ಕೋಶಕ್ಕೆ ಉಕ್ಕಿನ ಆಸರೆ ಇರುತ್ತಿರಲಿಲ್ಲ. ಮಿತಿಮೀರಿದ ಒತ್ತಡಕ್ಕೆ ಹಿತ್ತಾಳೆ ಅಲ್ಲಿಯೇ ಸೀಳಿ, ಬಿಸಿ ಅನಿಲವೂ ಚೂರುಗಳೂ ಹೊಡೆದವನ ಮುಖಕ್ಕೆ ಸಿಡಿಯುತ್ತಿದ್ದವು. ಮುಂದೆ ಪೂರ್ಣ ಆಸರೆಯುಳ್ಳ ನಳಿಗೆಗಳು ಬಂದವು. ಗುರುವಿನ ಅಂಕೆಯನ್ನೂ ಕ್ರಮೇಣ ಇಳಿಸಲಾಯಿತು. ಮತ್ತೊಂದು ಅಪಾಯ ಇಂದಿಗೂ ಇದೆ. ಹಳೆಯ ಕರಿಮದ್ದು ಕೋಶವನ್ನು ತುಂಬಿಬಿಡುತ್ತಿದ್ದುದರಿಂದ ಅದನ್ನು ಎರಡು ಸಲ ಹಾಕಲು ಎಡೆಯೇ ಇರಲಿಲ್ಲ. ೧೮೮೪ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಕಂಡುಹಿಡಿದ ಹೊಗೆರಹಿತ ಮದ್ದಿನ ವಂಶದವು ಕೋಶದ ಸ್ವಲ್ಪ ಭಾಗವನ್ನಷ್ಟೇ ಆಕ್ರಮಿಸುತ್ತವೆ. ಮೈಮರೆತು ಎರಡನೆಯ ಸಲ ಹಾಕಿದರೆ ಹೊರಗಿನಿಂದ ಏನೂ ಗೊತ್ತಾಗದು. ಗೊತ್ತಾಗುವುದು ಪಿಸ್ತೂಲು ಕೈಯಲ್ಲೇ ಒಡೆದಾಗ. ಆದಕಾರಣ ಗುಂಡು ಕೂರಿಸುವ ಮೊದಲು ಪ್ರತಿಯೊಂದು ಕೋಶದೊಳಗೂ ಬೆಳಕಿನಲ್ಲಿ ನೋಡುವುದು, ಮದ್ದು ತಯಾರಿಸಿದವರು ಪರೀಕ್ಷಿಸಿ ಪ್ರಕಟಿಸಿದ ಪಟ್ಟಿಯ ಮಿತಿಯನ್ನು ದಾಟದಿರುವುದು, ಮೇಜಿನ ಮೇಲೆ ಒಂದು ಸಮಯಕ್ಕೆ ಒಂದೇ ಜಾತಿಯ ಮದ್ದನ್ನಿಡುವುದು, ಇವು ಈ ಕೆಲಸದ ಮೂಲ ನಿಯಮಗಳು. ನಮ್ಮ ದೇಶದಲ್ಲಿ ೧೯೫೯ರ ಆಯುಧ ಕಾಯಿದೆಯ ಪ್ರಕಾರ ತೋಟಾಗಳ ತಯಾರಿಕೆ ಪರವಾನಗಿಗೆ ಒಳಪಟ್ಟುದೆಂಬುದನ್ನೂ ವಾಚಕರು ಗಮನಿಸಬೇಕು.

೫

ಅಂಕೆಯೇ ಕ್ಯಾಲಿಬರನ್ನು ಆರಿಸುತ್ತದೆಂಬ ನಮ್ಮ ಮಾತಿಗೆ ಪ್ರತಿಪರೀಕ್ಷೆಯೊಂದುಂಟು. ಬಲಾಂಕವೇ ಇಲ್ಲದ ಪಂದ್ಯದಲ್ಲಿ ಏನಾಗುತ್ತದೆ? ಅಂತರರಾಷ್ಟ್ರೀಯ ಗುರಿಗಾರಿಕೆ ಸಂಘದ ೨೫ ಮೀಟರ್ ಸೆಂಟರ್ ಫೈರ್ ಪಂದ್ಯದಲ್ಲಿ ೭.೬೨ರಿಂದ ೯.೬೫ ಮಿಲಿಮೀಟರಿನವರೆಗೆ ಯಾವ ಕ್ಯಾಲಿಬರಾದರೂ ಆಗಬಹುದು, ಬಲಕ್ಕೆ ಅಂಕವಿಲ್ಲ. ಅಲ್ಲಿಯ ಗುರಿಕಾರರು ಬಹುಮಟ್ಟಿಗೆ ಕೆಳಗಿನ ಅಂಚಿಗೇ ಸರಿದು .೩೨ನ್ನು ಹಿಡಿದಿದ್ದಾರೆ. ಅದರ ಗುಂಡಿನ ಮೂತಿ ಚಪ್ಪಟೆ. ಕಾಗದದಲ್ಲಿ ಅಚ್ಚುಕಟ್ಟಾದ ದುಂಡುರಂಧ್ರವನ್ನು ಕೊರೆಯುವುದರಿಂದ ಅಂಕ ಎಣಿಸಲು ತೊಡಕಿಲ್ಲ. ಈ ಪಂದ್ಯದಲ್ಲಿ ನಮ್ಮ ಜಸ್ಪಾಲ್ ರಾಣಾ ೧೯೯೪ರ ಹಿರೋಷಿಮಾ ಏಷ್ಯನ್ ಕ್ರೀಡೆಗಳಲ್ಲಿ ಸ್ವರ್ಣಪದಕ ಪಡೆದರು. ೨೦೦೬ರ ದೋಹಾ ಕ್ರೀಡೆಗಳಲ್ಲಿ ೬೦೦ಕ್ಕೆ ೫೯೦ ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ೧೯೦೪ರ ವರದಿ ನಿರಾಕರಿಸಿದ ವ್ಯಾಸಕ್ಕಿಂತಲೂ ಕಿರಿದಾದ ಗುಂಡು ಇಲ್ಲಿ ಶ್ರೇಷ್ಠವೆನಿಸಿತು.

ಇಷ್ಟರಿಂದ ವಿದಿತವಾಗುವುದೇನೆಂದರೆ, ಸ್ಪರ್ಧೆಯಲ್ಲಿ ಉತ್ತಮ ಕ್ಯಾಲಿಬರ್ ಎಂಬುದು ಸ್ವತಂತ್ರವಾಗಿ ಇಲ್ಲ. ಒಂದು ನಿಯಮಕ್ಕೆ ಉತ್ತಮವಾದುದು ಮಾತ್ರ ಇದೆ. ಪಂದ್ಯಕ್ಕೆ ಇಳಿಯುವವನು ಮೊದಲು ನಿಯಮಾವಳಿಯನ್ನು ಓದಿ, ಆಮೇಲೆ ಪಿಸ್ತೂಲನ್ನು ಕೊಳ್ಳುವುದು ವಿವೇಕ. ನಿಯಮಗಳನ್ನು ಬರೆಯುವವರಿಗೂ ಇದರಲ್ಲಿ ಒಂದು ಪಾಠವಿದೆ. ಒಂದು ಅಂಕೆಯನ್ನು ತುಸು ಎತ್ತರದಲ್ಲಿಟ್ಟರೆ, ಅದನ್ನು ಮುಟ್ಟಲು ಹಿತ್ತಾಳೆಯ ಸಹನೆಯನ್ನೂ ತಮ್ಮ ಕಣ್ಣುಗಳನ್ನೂ ಪಣಕ್ಕಿಡುವವರು ಇದ್ದೇ ಇರುತ್ತಾರೆ. ತೂಕ, ಅಳತೆ, ನಾಣ್ಯಗಳನ್ನು ನಾವು ರಾಜ್ಯಗಳ ಚರಿತ್ರೆಗೆ ಆಧಾರವಾಗಿ ಬಳಸುತ್ತ ಬಂದಿದ್ದೇವೆ. ಕ್ರೀಡೆಗಳ ನಿಯಮಾವಳಿಗಳಲ್ಲಿರುವ ಅಳತೆಗಳೂ ಅಂಥ ಆಧಾರಗಳೇ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಕ್ಕೆ ತಂದುಕೊಂಡರೆ ಈ ಲೇಖನದ ಉದ್ದೇಶ ನೆರವೇರಿದಂತೆ.